ಚಂದ್ರಾಮಪ್ಪನ ಚಾಳೀಸು

ಅಪ್ಪನಿಗೆ ಏನು ಕೊಡಬೇಕು ಎಂದು ಒಬ್ಬ ಮಗ ಆರು ತಿಂಗಳು ತಲೆ ಕೆಡಿಸಿಕೊಂಡ ಎಂದರೆ ಯಾರಾದರೂ ನಂಬುತ್ತಾರೆಯೇ? ಒಂದು ಧೋತರ, ಒಂದು ರುಮಾಲು, ತೀರಾ ಪ್ರೀತಿ ಉಕ್ಕಿದರೆ ಒಂದು ಕಂಬಳಿ. ನಮ್ಮ ಕಡೆ ಅಪ್ಪಂದಿರ ಪಾಲಿಗೆ ಬರುವುದು ಇಷ್ಟೇ. ಸೈದಪ್ಪ ಮಾತ್ರ ಸೋಲಾಪುರದ ಗಿರಣಿಯಲ್ಲಿ ಸಾಂಚಾ ಎಂಬ ನೇಯುವ ಯಂತ್ರದ ಮುಂದೆ ನಿಂತು, ಪಕ್ಕದವನ ಮಾತು ಕೇಳದ ಆ ಸದ್ದಿನಲ್ಲಿ, ಶಿವರಾತ್ರಿಯಿಂದ ಶ್ರಾವಣದ ತನಕ ಅದನ್ನೇ ಯೋಚಿಸಿದ. ಧೋತರ ಬೇಡ, ದಿನಾ ತಾನೇ ನೇಯುವುದು ಅದನ್ನು. ಕಂಬಳಿ ಮನೆಯಲ್ಲಿ ಎರಡಿವೆ. ಕೊನೆಗೆ ಕನ್ನಡಕ ಎಂದು ಗಟ್ಟಿ ಮಾಡಿದ. ಅವನೂರಿನ ಮಾತಿನಲ್ಲಿ ಹೇಳುವುದಾದರೆ, ಚಾಳೀಸು.

ಇದು ನಿಜಾಮರ ಆಳಿಕೆಯ ಮಾತು. ದೊಡ್ಡ ಲಡಾಯಿ ಶುರುವಾಗಲು ಇನ್ನೂ ಒಂದೆರಡು ವರ್ಷ ಇತ್ತು. ಸೈದಪ್ಪನ ಅಪ್ಪ ಚಂದ್ರಾಮಪ್ಪ ಆಳಂದ ಸೀಮೆಯ ಹಿರೋಳ್ಳಿಯಲ್ಲಿ ಪುರಾಣ ಓದುವವನು. ನಲವತ್ತು ಶ್ರಾವಣ ಒಂದೂ ತಪ್ಪದೆ ಗುಡಿಯಲ್ಲಿ ಕೂತು ಓದಿದ್ದ. ಅವನು ದನಿ ತೆಗೆದರೆ ಅಳುವ ಕೂಸೂ ಸುಮ್ಮನಾಗುತ್ತಿತ್ತು. ಅದಕ್ಕಿಂತ ದೊಡ್ಡ ಹೆಸರು ಅವನ ನೆನಪಿಗೆ. ಒಮ್ಮೆ ಕಿವಿಗೆ ಬಿದ್ದದ್ದು ಸಾಯುವ ತನಕ ಹೋಗದು. ಯಾರ ಮದುವೆಯಲ್ಲಿ ಯಾರು ಏನು ಅಂದರು ಎಂಬುದನ್ನು ಇಪ್ಪತ್ತು ವರ್ಷದ ಮೇಲೆ ಅಕ್ಷರ ಬಿಡದೆ ಹೇಳುತ್ತಿದ್ದ. ಮನೆಯವರೂ ಅವನನ್ನು ‘ರೀ’ ಹಚ್ಚಿಯೇ ಮಾತಾಡಿಸುತ್ತಿದ್ದರು.

ಊರಿನಲ್ಲಿ ಕನ್ನಡ ಸಾಲೆ ಇರಲಿಲ್ಲ. ದಫ್ತರದ ಕಾಗದವೆಲ್ಲ ಉರ್ದು. ಹಾಗಾಗಿ ಕನ್ನಡದಲ್ಲಿ ಬಂದ ಕಾಗದ ಹಿಡಿದುಕೊಂಡು ಜನ ಅವನ ಹತ್ತಿರವೇ ಹೋಗುತ್ತಿದ್ದರು. ಚಂದ್ರಾಮಪ್ಪ ಮುಟ್ಟುತ್ತಿರಲಿಲ್ಲ. “ದೇವರ ಓದಿಗೆ ಇಟ್ಟ ಬಾಯಿ ಇದು. ಸಂತ್ಯಾಗಿನ ಸುದ್ದಿ ಓದಂಗಿಲ್ಲ” ಎನ್ನುತ್ತಿದ್ದ. ಎಂಥಾ ವ್ರತ, ಎಂಥಾ ನಿಷ್ಠೆ ಎಂದು ಜನ ಕೈಮುಗಿದು ಹೋಗುತ್ತಿದ್ದರು. ಮಗ ಎಂಟು ವರ್ಷದವನಿದ್ದಾಗ ಪಾಟಿ ಹಿಡಿದು ಬಂದು ಅ ಆ ಕಲಿಸಿರಿ ಎಂದು ಕೇಳಿದ್ದಕ್ಕೆ ಕಪಾಳಕ್ಕೆ ಒಂದು ಬಿತ್ತು. “ನಿನ್ನ ತಲ್ಯಾಗ ಅಕ್ಷರ ಹತ್ತಂಗಿಲ್ಲ. ಎತ್ತಿನ ಹಿಂದ ನಡಿ.” ತನ್ನ ತಲೆ ದಡ್ಡ ಎಂದು ಸೈದಪ್ಪ ಹದಿನೈದು ವರ್ಷ ನಂಬಿಕೊಂಡಿದ್ದ. ಸೋಲಾಪುರಕ್ಕೆ ಹೋದ ಮೇಲೆ ಗಿರಣಿಯ ಗೆಳೆಯನೊಬ್ಬ ಎರಡೇ ತಿಂಗಳಲ್ಲಿ ಕಲಿಸಿಬಿಟ್ಟ.

ಆ ಕಲಿತ ಅಕ್ಷರವೇ ಅವನಿಗೆ ಮುಳ್ಳಾಯಿತು ನೋಡಿ. ಸಂಕ್ರಾಂತಿ ಕಳೆದ ವಾರ ಊರಿನ ಖಂಡಪ್ಪ ಹತ್ತಿ ಹೇರಿಕೊಂಡು ಸೋಲಾಪುರಕ್ಕೆ ಬಂದಿದ್ದ. ಸಂಬಂಧದಲ್ಲಿ ಮಾವ. “ನಿಮ್ಮವ್ವನ ಹೊಟ್ಟ್ಯಾಗ ಗಡ್ಡಿ ಆಗ್ಯಾದಲೇ. ಕೂಳು ಸೇರವಲ್ದು” ಎಂದ. ಸೈದಪ್ಪ ಗಿರಣಿಯ ಹತ್ತಿರದ ಡಾಕ್ಟರರನ್ನು ಕೇಳಲು ಹೊರಟು ನಿಂತ. ಖಂಡಪ್ಪ ಒಳ್ಳೆಯವನು. “ನಾ ಮಧ್ಯಾಹ್ನ ತನಕ ನಿಂದರ್ತೇನಿ. ಅವರು ಏನಂತಾರೋ ಹೇಳು, ಬಾಯಿಲೆ ಮುಟ್ಟಸ್ತೇನಿ” ಎಂದ. ಇವನೋ, ಹೊಸದಾಗಿ ಬರೆಯಲು ಕಲಿತ ಹುರುಪಿನವನು. ದಡ್ಡ ಎಂದು ಹೊಡೆದ ಅಪ್ಪನಿಗೆ ತನ್ನ ಕೈಬರಹ ತೋರಿಸುವ ಆಸೆ. “ಬ್ಯಾಡ ಮಾವಾ, ನೀ ಹೋಗು. ನಮ್ಮಪ್ಪ ಪುರಾಣ ಓದಾಂವ. ನಾ ಕಾಗದ ಬರೀತೇನಿ” ಎಂದು ಗಾಡಿ ಹೊಡೆಸಿ ಕಳಿಸಿಬಿಟ್ಟ.

ಗಡ್ಡೆ ಕೊಯ್ದು ತೆಗೆದರೆ ಬದುಕುತ್ತಾಳೆ ಎಂದರು ಡಾಕ್ಟರು. ಬೇಗ ಕರೆತರಬೇಕು ಎಂದೂ ಹೇಳಿದರು. ಸೈದಪ್ಪ ಹಾಗೆಯೇ ಬರೆದು ಟಪಾಲಿಗೆ ಹಾಕಿದ. ಬರಹೇಳಿದ್ದ ಸೋಮವಾರ ಟೇಸನ್ನಿನಲ್ಲಿ ನಿಂತ. ಮಂಗಳವಾರವೂ ನಿಂತ. ಯಾರೂ ಬರಲಿಲ್ಲ. ಮುಂದಿನ ವಾರ ಅವ್ವ ನಿಂಬೆವ್ವ ಹೋದಳು ಎಂಬ ಸುದ್ದಿ ಬಂತು. ಅವನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

“ಕಾಗದ ಮುಟ್ಟಲಿಲ್ಲೇನ್ರಿ?” ಎಂದು ಕೇಳಿದ.

“ಮುಟ್ಟಿತು. ಕಣ್ಣು ಮಂಜ ಆಗ್ಯಾವಪ್ಪಾ. ನಿನ್ನ ಇರುವಿ ಸಾಲಿನಂಥಾ ಅಕ್ಷರ ಕಾಣಲಿಲ್ಲ. ಆಮ್ಯಾಲ ಎಲ್ಲಿಟ್ಟೆನೋ ನೆಪ್ಪಿಲ್ಲ” ಎಂದ ಚಂದ್ರಾಮಪ್ಪ. ಒಮ್ಮೆ ಕೇಳಿದ್ದನ್ನು ಮರೆಯದವನು, ಕೈಯಾರೆ ಇಟ್ಟದ್ದನ್ನು ಮರೆತಿದ್ದ.

ತಂಗಿ ಬಾಳಮ್ಮನನ್ನು ಅದೇ ಊರಿಗೆ ಕೊಟ್ಟಿತ್ತು. ಅವ್ವನ ಕೊನೆಯ ದಿನಗಳಲ್ಲಿ ಹೇಲು ಉಚ್ಚೆ ಬಳಿದವಳು ಅವಳೇ. “ಅಣ್ಣಾ, ಏನ್ ಬರದಿದ್ದಿ ಅದರಾಗ? ಪಕ್ಕದೂರ ಕುಲಕರ್ಣ್ಯಾರ ಕಡೆ ಓದಿಸ್ಕೊಂಡ ಬರ್ತೇನಿ ಅಂದ್ರ ಅಪ್ಪ ಬಿಡಲಿಲ್ಲ. ಮನಿ ಮಾತು ಪರರ ಕಣ್ಣಿಗೆ ಬೀಳಬಾರದಂತ” ಎಂದು ಅತ್ತಳು. ಸೈದಪ್ಪ ಬಾಯಿ ತೆರೆದ. ಅಂಗಳದಲ್ಲಿ ಖಂಡಪ್ಪ ಕೂತಿದ್ದ. ನಿಜ ಹೇಳಿದರೆ, ಬಾಯಿಂದ ಹೇಳಿ ಕಳಿಸಿದ್ದರೆ ಅವ್ವ ಉಳಿಯುತ್ತಿದ್ದಳು ಎಂಬುದೂ ಹೊರಗೆ ಬರುತ್ತದಲ್ಲ! “ಏನಿಲ್ಲ. ಕ್ಷೇಮ ಸಮಾಚಾರ ಅಷ್ಟ” ಎಂದುಬಿಟ್ಟ. ಹೇಡಿ. ಅವನು ಆರು ತಿಂಗಳು ತನ್ನನ್ನು ತಾನೇ ಹಾಗೆ ಬೈದುಕೊಂಡ, ನಾವೂ ಬೈದರೆ ತಪ್ಪಿಲ್ಲ.

ಅದಕ್ಕೇ ಚಾಳೀಸು. ಇನ್ನೊಮ್ಮೆ ಇಂಥಾ ಕಾಗದ ಕಣ್ಣಿನ ಸಲುವಾಗಿ ಹಾಗೇ ಬೀಳಬಾರದು. ಪಾಪ, ಮುದುಕನದೇನು ತಪ್ಪು, ಕಣ್ಣಲ್ಲವೇ ಕೈಕೊಟ್ಟದ್ದು ಎಂದು ಮನಸ್ಸಿಗೆ ಹೇಳಿಕೊಂಡ. ಹಾಗೆ ಹೇಳಿಕೊಂಡರೆ ಅಪ್ಪನೂ ಉಳಿಯುತ್ತಿದ್ದ, ತಾನೂ ಸ್ವಲ್ಪ ಉಳಿಯುತ್ತಿದ್ದ.

ಸೋಲಾಪುರದ ಪೇಟೆಯಲ್ಲಿ ಜಹೀರುದ್ದೀನ ಎಂಬ ಮುದುಕ ಚಾಳೀಸು ಮಾರುತ್ತಿದ್ದ. “ಮನುಷ್ಯಾನ್ನ ಕರಕೊಂಡ ಬಾ ತಮ್ಮಾ, ಕಣ್ಣ ನೋಡಬೇಕು” ಎಂದ. ಬರಲಾಗದು ಎಂದಾಗ ವಯಸ್ಸು ಕೇಳಿದ. ಅರವತ್ತು ಎಂದ ಸೈದಪ್ಪ.

“ಸೂಜ್ಯಾಗ ದಾರ ಪೋಣಸ್ತಾರೇನು?”

ಅಪ್ಪ ಪುರಾಣದ ಹೊತ್ತಿಗೆ ಸುತ್ತುವ ಕೆಂಪು ಅರಿವೆಯನ್ನು ಹೋದ ಸಲ ತಾನೇ ಹೊಲಿಯುತ್ತ ಕೂತಿದ್ದು ನೆನಪಾಯಿತು. “ಪೋಣಸ್ತಾರ್ರಿ.”

“ಮತ್ತ ಚಾಳೀಸು ಯಾಕ?”

“ಅಕ್ಷರ ಕಾಣಂಗಿಲ್ಲ ಅಂತಾರ್ರಿ.”

ಜಹೀರುದ್ದೀನ ಇವನ ಮುಖ ನೋಡಿದ. ಹಿತ್ತಾಳೆ ಕಡ್ಡಿಯ ಒಂದು ಜೋಡಿ ಆರಿಸಿ, ಒರೆಸಿ, ತಗಡಿನ ಡಬ್ಬಿಯಲ್ಲಿಟ್ಟು ಕೊಟ್ಟ.

ಗಡಿಯ ಕರೋಡಗಿರಿ ನಾಕಾದಲ್ಲಿ ಸುಂಕದ ಜವಾನ ಡಬ್ಬಿ ಬಿಚ್ಚಿಸಿದ. ತಾನೇ ಹಾಕಿಕೊಂಡು ಅತ್ತ ಇತ್ತ ನೋಡಿ, “ಯಾರಿಗೋ ಇದು?” ಎಂದ. “ಅಪ್ಪಗ್ರಿ. ಪುರಾಣ ಓದ್ತಾರ.” ಜವಾನ ಸುಂಕವಿಲ್ಲದೆ ಬಿಟ್ಟ. “ಅಪ್ಪಗ ಇಂಥಾದ್ದು ತರೋ ಮಕ್ಕಳು ಎಲ್ಲದಾರ ಈಗ” ಎಂದೂ ಅಂದ. ಸೈದಪ್ಪ ಅಲ್ಲಿಂದ ಊರ ತನಕ ಎದೆಯುಬ್ಬಿಸಿಕೊಂಡೇ ನಡೆದ.

ಮನೆ ಮುಟ್ಟಿದಾಗ ಇಳಿಹೊತ್ತು. ಪುರಾಣಕ್ಕೆ ಇನ್ನೂ ಸಮಯವಿತ್ತು. ಚಾಳೀಸಿನ ಸುದ್ದಿ ಕೇಳಿ ಓಣಿಯ ಐದಾರು ಮಂದಿ ಕಟ್ಟೆಯ ಮೇಲೆ ನೆರೆದರು. ಖಂಡಪ್ಪನೇ ಡಬ್ಬಿ ತೆಗೆದು, “ಹಾಕ್ರಿ, ನೋಡೂಣು” ಎಂದ. ಚಂದ್ರಾಮಪ್ಪನ ಮುಖ ಕಪ್ಪಿಟ್ಟಿತು. “ಯಾಕ ತಂದ್ಯೋ ಇದನ್ನ? ನಾ ಕೇಳಿದ್ನೇನು?” ಎಂದ. ಕೊಸರಾಡುವುದು ದೊಡ್ಡವರ ರೀತಿ ಎಂದುಕೊಂಡು ಎಲ್ಲರೂ ನಕ್ಕರು. ಖಂಡಪ್ಪ ತಾನೇ ಅವನ ಕಿವಿಗೆ ಸಿಕ್ಕಿಸಿದ.

“ಕಾಣ್ತಾದೇನ್ರಿ?”

“ಕಾಣ್ತಾದ” ಎಂದ ಚಂದ್ರಾಮಪ್ಪ, ಕಂಬ ಹಿಡಿದುಕೊಂಡು.

“ಹಂಗಾರ ಏನರೆ ಓದ್ರಿ!”

“ಪುರಾಣದ ಹೊತ್ತಿಗಿ ಹಗಲೊತ್ತು ಬಿಚ್ಚಂಗಿಲ್ಲ” ಎಂದ. ಅದು ಎಲ್ಲರಿಗೂ ಗೊತ್ತಿದ್ದ ನೇಮ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಓಣಿಯವರ ಜೊತೆ ಬಂದಿದ್ದ ಬಾಳಮ್ಮ ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಮಡಚಿದ ಕಾಗದವಿತ್ತು.

“ಮೊನ್ನಿ ಹೊತ್ತಿಗಿ ಅರಿವಿ ಒಗ್ಯಾಕ ತಗೊಂಡಾಗ ಸಿಕ್ತು. ಅಣ್ಣನ ಕಾಗದ. ಅವ್ವ ಇದನ್ನ ಎದಿ ಮ್ಯಾಲ ಇಟ್ಕೊಂಡು ಮಲಗ್ತಿದ್ಲು, ಮಗ ಏನೋ ಬರದಾನಂತ. ಓದ್ರಿ ಅಪ್ಪಾ. ಆಕಿ ಕೇಳಲಿಲ್ಲ, ನಾವರೆ ಕೇಳೂಣು.”

ಸೈದಪ್ಪ ಎದ್ದು ನಿಂತ. ಕಳೆದುಹೋಯಿತೆಂದಿದ್ದ ಕಾಗದ! ಈಗ ಅಪ್ಪ ಓದುತ್ತಾನೆ, ಕರೆದುಕೊಂಡು ಬನ್ನಿರಿ ಎಂದು ಬರೆದದ್ದು ಓಣಿಗೆಲ್ಲ ಕೇಳುತ್ತದೆ, ಅಪ್ಪ ತಾನೇ ಓದುತ್ತ ತಾನೇ ಕುಸಿಯುತ್ತಾನೆ. “ಬ್ಯಾಡ ಬಿಡ್ರಿ, ಹಳೇದು” ಎಂದು ಕೈ ಚಾಚಿದ. ಖಂಡಪ್ಪ ಅವನ ಕೈ ಸರಿಸಿದ.

ಚಂದ್ರಾಮಪ್ಪ ಕಾಗದ ಬಿಚ್ಚಿದ. ಕೆಮ್ಮಿದ. ಓದತೊಡಗಿದ.

“ತೀರ್ಥರೂಪ ಅಪ್ಪನವರಿಗೆ ಸೈದಪ್ಪನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ತಮ್ಮ ಕ್ಷೇಮಕ್ಕೆ ಬರೆಯುವುದು.” ಸರಿಯಾಗಿಯೇ ಇತ್ತು. ಎಲ್ಲರ ಕಾಗದದ ತಲೆಯೂ ಹಾಗೆಯೇ ಇರುತ್ತದೆ. ಆಮೇಲೆ ಅವನ ದನಿ ಪುರಾಣದ ಏರಿಗೆ ಹತ್ತಿತು. “ಖಂಡಪ್ಪ ಮಾವ ಬಂದು ಅವ್ವನ ಸಂಗತಿ ತಿಳಿಸಿದ. ಡಾಕ್ಟರರನ್ನು ಕೇಳಿದೆ. ಯುಗಾದಿಯವರೆಗೆ ಗಾಬರಿ ಇಲ್ಲ ಎಂದರು. ಗಿರಣಿಯಲ್ಲಿ ರಜೆ ಇಲ್ಲ. ಯುಗಾದಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ದೇವರ ಮೇಲೆ ಭಾರ ಹಾಕಿ ಇರಬೇಕು.”

ಒಂದೇ ಒಂದು ಕಡೆ ತಡವರಿಸಲಿಲ್ಲ.

ಸೈದಪ್ಪ ಅಪ್ಪನ ಕಣ್ಣು ನೋಡಿದ. ಗಾಜಿನ ಹಿಂದೆ ಅವು ಕಾಗದದ ಮೇಲಿರಲಿಲ್ಲ, ಎಲ್ಲೂ ಇರಲಿಲ್ಲ. ಕಪಾಳಕ್ಕೆ ಬಿದ್ದ ಏಟು, ಸಂತೆಯ ಸುದ್ದಿ ಓದದ ವ್ರತ, ಸೂಜಿಯ ದಾರ, ಎಲ್ಲ ಒಟ್ಟಿಗೇ ತಿಳಿಯಿತು. ಕಣ್ಣು ಎಂದೂ ಕೆಟ್ಟಿರಲಿಲ್ಲ. ನಲವತ್ತು ಶ್ರಾವಣ ಹಾಳೆ ತಿರುವಿದ ಈ ಮನುಷ್ಯನಿಗೆ ಒಂದಕ್ಷರವೂ ಬರುತ್ತಿರಲಿಲ್ಲ.

“ಯುಗಾದಿ ತನಕ?” ಎಂದು ಬಾಳಮ್ಮ ಅಣ್ಣನ ಎದುರು ಬಂದು ನಿಂತಳು. “ಅವ್ವ ಶಿವರಾತ್ರಿ ಕಾಣಲಿಲ್ಲ, ನೀ ಯುಗಾದಿ ಅಂದ್ಯಾ? ಕ್ಷೇಮ ಸಮಾಚಾರ ಅಂತ ಸುಳ್ಳು ಬ್ಯಾರೆ ಹೇಳಿದ್ಯಾ?”

ಖಂಡಪ್ಪ ಇವನ ಕಡೆ ತಿರುಗಿದ. “ಸೈದ್ಯಾ, ನಾ ನಿಂದರ್ತೇನಿ ಅಂದ್ರ ಕಳಿಸಿದ್ದು ಇದಕ್ಕೇನೋ? ಖರೆ ಹೇಳು, ಹಿಂಗ ಬರದಿದ್ಯಾ?”

ಕಾಗದ ಕಸಿದುಕೊಂಡು ಓದಿ ತೋರಿಸಿದ್ದರೆ ಮುಗಿದಿತ್ತು. ತಂಗಿಯ ಮುಂದೆ ಅವನು ಬದುಕುತ್ತಿದ್ದ. ಇನ್ನೊಂದು ಗಳಿಗೆಗೆ ಇದೇ ಜನ ಗುಡಿಯಲ್ಲಿ ಕೂತು ಅಪ್ಪನ ಬಾಯಿ ನೋಡುವವರು.

“ಹೌದು” ಎಂದ ಸೈದಪ್ಪ. “ಹಂಗ ಬರದಿದ್ದೆ.”

ಬಾಳಮ್ಮ ಅವನ ಮುಂದೆ ಉಗುಳಿದಳು. “ಕಾಗದ ಓದಸಾಕ ಬಿಡಲಿಲ್ಲಂತ ಆರು ತಿಂಗಳು ಸುಮ್ಮಸುಮ್ಮನ ಅಪ್ಪಗ ಶಾಪ ಹಾಕಿದೆ. ನೀ ಇನ್ನ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ” ಎಂದು ಹೋದಳು. ಉಳಿದವರು ಒಬ್ಬೊಬ್ಬರೇ ಎದ್ದರು. ಖಂಡಪ್ಪ ಹೋಗುವಾಗ ಇವನ ಕಡೆ ನೋಡಲೂ ಇಲ್ಲ.

ಅಪ್ಪ ಮಗ ಇಬ್ಬರೇ ಉಳಿದರು. ಚಂದ್ರಾಮಪ್ಪ ಚಾಳೀಸು ತೆಗೆದು ಡಬ್ಬಿಯ ಮೇಲಿಟ್ಟ. ಕಣ್ಣು ಒರೆಸಿಕೊಂಡ.

“ನನ್ನ ತಲಿ ಮ್ಯಾಲ ಯಾಕ ಹಾಕಿದ್ರಿ?” ಎಂದ ಸೈದಪ್ಪ.

“ಯಾರದರೆ ತಲಿ ಮ್ಯಾಲ ಬೀಳಬೇಕಿತ್ತು. ನೀ ನಾಳೆ ಸೋಲಾಪುರಕ್ಕ ಹೋಗಾಂವ. ನಾ ಇಲ್ಲೇ ಇರಬೇಕು.” ನಾಚಿಕೆಯಿಲ್ಲದೆ ಹೇಳಿದ. ಆಮೇಲೆ ದನಿ ತಗ್ಗಿತು. “ನಮ್ಮಪ್ಪಗೂ ಓದಾಕ ಬರ್ತಿದ್ದಿಲ್ಲ. ಬಾಯಿಂದ ಬಾಯಿಗೆ ಬಂದದ್ದು ಇದು. ಕಣ್ಣ ಕಾಣಂಗಿಲ್ಲ ಅನ್ನೋದೊಂದು ನೆವ ಇತ್ತು ನನಗ. ಹುಡುಕಿ ಹುಡುಕಿ ಅದನ್ನ ಕಸಗೊಳ್ಳೋ ವಸ್ತುನ ತಂದಿ ನೋಡು.”

ಗುಡಿಯಲ್ಲಿ ಗಂಟೆ ಬಾರಿಸಿದರು. ಚಂದ್ರಾಮಪ್ಪ ಏಳಲಿಲ್ಲ. ಕಾಗದವನ್ನು ಮಗನ ಕಡೆ ಚಾಚಿದ.

“ಏನ್ ಬರದಿದ್ದಿ ಇದರಾಗ?”

ಕ್ಷೇಮ ಸಮಾಚಾರ ಎನ್ನಬಹುದಿತ್ತು. ಅರವತ್ತರ ಮುದುಕ, ಇನ್ನು ಹತ್ತು ವರ್ಷವೋ ಐದೋ. ಸೈದಪ್ಪನ ಬಾಯಿಗೆ ಆ ಸುಳ್ಳು ಬಂದೂ ಇತ್ತು. ಆಗ ಟೇಸನ್ನಿನಲ್ಲಿ ಎರಡು ದಿನ ನಿಂತದ್ದು, ಪ್ರತಿ ಗಾಡಿಯ ಡಬ್ಬಿ ಡಬ್ಬಿಯಲ್ಲೂ ಅವ್ವನ ಹಸಿರು ಸೀರೆ ಹುಡುಕಿದ್ದು ನೆನಪಾಯಿತು. ಒಮ್ಮೆ ಕೇಳಿದ್ದು ಈ ಮನುಷ್ಯನಿಗೆ ಮರೆಯುವುದಿಲ್ಲ ಎಂಬುದೂ ನೆನಪಿತ್ತು. ಚೆನ್ನಾಗಿ ನೆನಪಿತ್ತು.

ಕಾಗದ ತೆಗೆದುಕೊಂಡ. ಅವಸರ ಮಾಡದೆ, ಒಂದೊಂದೇ ಮಾತು ಬಿಡಿಸಿ ಓದಿದ.

“ಅವ್ವನ ಹೊಟ್ಟೆಯ ಗಡ್ಡೆ ಕೊಯ್ದು ತೆಗೆದರೆ ಬದುಕುತ್ತಾಳೆ ಎಂದು ಡಾಕ್ಟರು ಹೇಳಿದ್ದಾರೆ. ಖಂಡಪ್ಪ ಮಾವನ ಗಾಡಿಯಲ್ಲಿ ಅಕ್ಕಲಕೋಟ ಟೇಸನ್ನಿಗೆ ಕರೆತನ್ನಿರಿ. ಸೋಮವಾರ ಮುಂಜಾನೆ ಸೋಲಾಪುರ ಟೇಸನ್ನಿನಲ್ಲಿ ನಿಂತಿರುತ್ತೇನೆ. ತಡ ಮಾಡಬೇಡಿರಿ. ಅವ್ವಗೆ ಅಂಜಬೇಡ ಎಂದು ಹೇಳಿರಿ.”

ಮಡಚಿ ಅಪ್ಪನ ತೊಡೆಯ ಮೇಲಿಟ್ಟ. ಚಾಳೀಸಿನ ಡಬ್ಬಿಯನ್ನೂ ಪಕ್ಕಕ್ಕೆ ಸರಿಸಿ, ಗಂಟು ಹೆಗಲಿಗೆ ಹಾಕಿಕೊಂಡು ಅಂಗಳಕ್ಕಿಳಿದ. ಗುಡಿಯಿಂದ ಯಾರೋ ಕರೆಯಲು ಬಂದು ಬಾಗಿಲಲ್ಲಿ ನಿಂತಿದ್ದರು. ಚಂದ್ರಾಮಪ್ಪ ಅವರನ್ನು ನೋಡಲಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಪುರಾಣದ ಅದೇ ರಾಗದಲ್ಲಿ ಹೇಳತೊಡಗಿದ್ದ:

“ಅವ್ವನ ಹೊಟ್ಟೆಯ ಗಡ್ಡೆ ಕೊಯ್ದು ತೆಗೆದರೆ ಬದುಕುತ್ತಾಳೆ ಎಂದು ಡಾಕ್ಟರು ಹೇಳಿದ್ದಾರೆ. ಖಂಡಪ್ಪ ಮಾವನ ಗಾಡಿಯಲ್ಲಿ ಅಕ್ಕಲಕೋಟ ಟೇಸನ್ನಿಗೆ ಕರೆತನ್ನಿರಿ. ಸೋಮವಾರ ಮುಂಜಾನೆ…”

ಸೈದಪ್ಪ ಬೀದಿಯ ತಿರುವು ದಾಟಿದರೂ ಅದು ಕೇಳಿಸುತ್ತಿತ್ತು. ಒಂದಕ್ಷರವೂ ತಪ್ಪಿರಲಿಲ್ಲ.