ಅಕ್ಕನ ಪಾಲಿಗೆ ಬಂದ ಕಲ್ಲು

ಓಪಲ್ ಬಾಯಾರುವ ಕಲ್ಲು. ತೀರ ಒಣಗಿದರೆ ಬಿರಿಯುತ್ತದೆ. ಒಡವೆಯಲ್ಲಿ ಕೂರಿಸುವ ಮುಂಚೆ ನೀರಲ್ಲಿಡಬೇಕು ಎಂಬುದು ಅಪ್ಪ ಕಲಿಸಿದ ಪಾಠ. ಅಕ್ಕ ತನ್ನ ಉಂಗುರದ ಸವೆದ ಅಂಚು ಬದಲಿಸಲು ಕೊಟ್ಟಾಗ, ತಮ್ಮ ಅದರ ಕಲ್ಲನ್ನು ಬಿಚ್ಚಿ ಬಟ್ಟಲ ನೀರಿಗೆ ಹಾಕಿ ಬೇರೆ ಕೆಲಸ ನೋಡಿದ. ಮೂರನೆಯ ದಿನ ತೆಗೆದರೆ ಕಲ್ಲಿನ ಸುತ್ತ ಮುದಿಗಣ್ಣಿನ ಪೊರೆಯಂಥ ಮಬ್ಬು.

ಭೂತಗನ್ನಡಿ ಹಿಡಿದ. ಮೇಲೆ ಗಾಜು, ಕೆಳಗೆ ಕಪ್ಪು ಕಲ್ಲು, ನಡುವೆ ಈರುಳ್ಳಿ ಸಿಪ್ಪೆಯಷ್ಟು ಓಪಲ್. ಮೂರನ್ನೂ ಹಿಡಿದಿಟ್ಟಿದ್ದ ಅಂಟಿಗೆ ನೀರಿಳಿದಿತ್ತು. ಊರವರ ಕಲ್ಲುಗಳನ್ನೆಲ್ಲ ಪರೀಕ್ಷಿಸುವವನು ಇದೊಂದನ್ನು ಪಕ್ಕಕ್ಕೆ ತಿರುಗಿಸಿ ಕೂಡ ನೋಡಿರಲಿಲ್ಲ. ಅಚ್ಚ ಓಪಲ್ ಎಂದು ಅಪ್ಪನೇ ಹೇಳಿದ್ದನಲ್ಲ. ಸಾಯುವ ಮುಂಚೆ ಅಪ್ಪ ಮಾಡಿದ ಪಾಲು ಅದು: ಮಗನಿಗೆ ಒಡವೆ ಅಂಗಡಿ, ಮಗಳಿಗೆ ಈ ಕಲ್ಲು.

ಡ್ರಾಯರ್ ಎಳೆದ. ಓಪಲ್ ವೇಷದವೆಲ್ಲ ಅಲ್ಲಿದ್ದವು: ಹಾಲುಬಣ್ಣದ ಗಾಜು, ಚಿಪ್ಪಿನ ಒಳಪದರದ ತುಣುಕು, ಪ್ರಯೋಗಾಲಯದಲ್ಲಿ ಬೆಳೆಸಿದ್ದೊಂದು. ಕೊನೆಯದನ್ನು ಉಂಗುರದಲ್ಲಿಟ್ಟ. ಹೇಳಿ ಮಾಡಿಸಿದ ಹಾಗೆ ಕೂತಿತು. ಬಣ್ಣಗಳು ಮಾತ್ರ ಹಲ್ಲಿಯ ಚರ್ಮದಂತೆ ತೀರ ಒಪ್ಪವಾಗಿ ಜೋಡಣೆಯಾಗಿದ್ದವು. ಅಕ್ಕನಿಗೆ ಅದೆಲ್ಲಿ ಗೊತ್ತಾಗಬೇಕು? ಅಪ್ಪನ ಮಾತೂ ಉಳಿಯುತ್ತದೆ, ತನ್ನ ಮುಖವೂ.

"ಏನೋ, ಕಲ್ಲು ಈಜು ಕಲಿತಾಯ್ತಾ?" ಎನ್ನುತ್ತ ಅಕ್ಕ ಒಳಬಂದವಳೇ ಉಂಗುರವನ್ನು ಬೆಳಕಿಗೆ ಹಿಡಿದಳು. "ಪರವಾಗಿಲ್ಲ ಕಣೋ. ಅಪ್ಪನ ಕೈಗುಣ ನಿನಗೂ ಬಂದಿದೆ."

ಆ ಮಾತು ಅವನಿಗೆ ನುಂಗಲಾರದ ತುತ್ತಾಯಿತು.

"ಅದು ನಿನ್ನದಲ್ಲಕ್ಕ. ನಿನ್ನದು ಇದು." ಮಬ್ಬು ಕಲ್ಲನ್ನು ಮುಂದಿಟ್ಟು, ಏನನ್ನೂ ಬಿಡದೆ ಹೇಳಿದ, ಬೇರೆಯದನ್ನು ಕೂರಿಸಲು ಹೊರಟಿದ್ದನ್ನೂ.

ಅಕ್ಕ ಮಬ್ಬು ಕಲ್ಲನ್ನೆತ್ತಿ ಪಕ್ಕಕ್ಕೆ ತಿರುಗಿಸಿ ನೋಡಿದಳು. "ಸರಿ ಹಾಗಾದ್ರೆ. ನಿನಗೆ ಅಂಗಡಿ, ನನಗೆ ಅಂಟು."

"ಅಪ್ಪನಿಗೂ ಗೊತ್ತಿರಲಿಲ್ಲವೇನೋ."

"ನಲವತ್ತು ವರ್ಷ ಕಲ್ಲು ತಿರುವಿದ ಮನುಷ್ಯ. ಗೊತ್ತಿತ್ತು ಬಿಡು."

ತಮ್ಮ ತಲೆ ತಗ್ಗಿಸಿದ. "ಅಂಗಡೀಲಿ ಅರ್ಧ ನಿನ್ನ ಹೆಸರಿಗೆ ಬರೀತೀನಿ."

"ಬರಿ. ಬೇಡ ಅನ್ನೋಷ್ಟು ದೊಡ್ಡ ಮನಸ್ಸು ನನಗಿಲ್ಲ." ಸ್ಟೂಲು ಎಳೆದುಕೊಂಡು ಎದುರಿಗೇ ಕೂತಳು. "ಅದಕ್ಕೆ ಮೊದಲು ಆ ಗಾಜು ತೆಗಿ. ಒಳಗಿರೋದನ್ನ ನೋಡಬೇಕು."

"ಪುಡಿಯಾದ್ರೂ ಆಗಬಹುದಕ್ಕ."

"ಆಗಲಿ. ಅಷ್ಟಾದ್ರೂ ನಿಜವಾದ್ದು ಅಪ್ಪ ಕೊಟ್ಟಿದಾನಲ್ಲ, ಕಣ್ಣಾರೆ ನೋಡ್ತೀನಿ."

ತಮ್ಮ ಇದ್ದುದರಲ್ಲೇ ತೆಳ್ಳನೆಯ ಅಲಗನ್ನು ಆರಿಸಿ, ಉಸಿರು ಬಿಗಿಹಿಡಿದು, ಗಾಜಿನ ಅಂಚಿಗೆ ತಾಗಿಸಿದ.