ಹಾಲಿನ ಹೊತ್ತಿನ ಬ್ಯಾಕಪ್

ಶಶಿಕಿರಣನಿಗೆ ಎ.ಸಿ. ಕೋಣೆ ಕೊಟ್ಟ ದಿನ ನನಗೆ ಹೊಟ್ಟೆ ಉರಿಯಿತು. ಅವನ ಕುರ್ಚಿ ತಿರುಗುತ್ತಿತ್ತು. ನನ್ನದಕ್ಕೆ ಒಂದು ಕಾಲು ಕುಂಟು. ಅವನು ದಂಡಿಗನಹಳ್ಳಿಯ ನಮ್ಮ ಡೈರಿ ಮಾಲೀಕ ಅನಿಲ್‌ಕುಮಾರ್ ಅವರ ಭಾಮೈದ, ಬಂದ ದಿನದಿಂದಲೇ ಕಾಯಂ. ನಾನು, ಪ್ರೇಮಕುಮಾರಿ, ಗುತ್ತಿಗೆಯವಳು. ಹೊಸ ಸೀರೆ ಉಟ್ಟ ಓರಗಿತ್ತಿಯನ್ನು ನೋಡುವಂತೆ ಅವನನ್ನು ನೋಡುತ್ತಿದ್ದೆ.

ಅವನು ಬರುವ ತನಕ ಕಂಪ್ಯೂಟರ್ ಕೆಲಸವೆಲ್ಲ ನನ್ನ ಕೈಯಲ್ಲಿತ್ತು. ಸುತ್ತಲ ಹಳ್ಳಿಯ ಹೆಂಗಸರು ಕ್ಯಾನು ಹೊತ್ತು ತರುತ್ತಾರೆ. ತೂಕ, ಕೊಬ್ಬಿನಂಶ ಯಂತ್ರದಿಂದ ನೇರವಾಗಿ ಲೆಕ್ಕವಿಡುವ ಸರ್ವರ್‌ಗೆ ಹೋಗುತ್ತದೆ. ಅದು ಕೆಟ್ಟರೆ ಯಾರ ಹಾಲು ಎಷ್ಟೆಂದು ಹೇಳುವವರಿಲ್ಲ. ಅದಕ್ಕೇ ದಿನಾ ಬ್ಯಾಕಪ್, ಅಂದರೆ ಎಲ್ಲದರ ಇನ್ನೊಂದು ಪ್ರತಿ, ಬೇರೆ ಡಿಸ್ಕಿಗೆ. ಸರ್ವರ್ ನಿಲ್ಲಿಸದೆ, ಮಧ್ಯಾಹ್ನ ತಾನಾಗಿಯೇ ಆಗುವಂತೆ ನಾನು ವೇಳೆ ಗೊತ್ತುಮಾಡಿದ್ದೆ. ಮಧ್ಯಾಹ್ನ ಯಾರೂ ಹಸು ಕರೆಯುವುದಿಲ್ಲ.

ಆದರೆ ಮಧ್ಯಾಹ್ನ ಮಾಲೀಕರೂ ಇರುವುದಿಲ್ಲ. ಅವರು ಬರುವುದು ಬೆಳಿಗ್ಗೆ, ಪೂಜೆ ಮುಗಿಸಿಕೊಂಡು. ತನ್ನ ಕೆಲಸ ಭಾವನ ಕಣ್ಣಿಗೆ ಬೀಳಲೆಂದು ಶಶಿಕಿರಣ ಬ್ಯಾಕಪ್ಪನ್ನು ಅದೇ ಹೊತ್ತಿಗೆ ತಂದ. ಸಾಲದ್ದಕ್ಕೆ, ಪ್ರತಿ ಮುಗಿಯುವವರೆಗೆ ಸರ್ವರ್ ಹೊಸದೇನನ್ನೂ ಬರೆದುಕೊಳ್ಳದಂತೆ ಮಾಡಿದ. ಹಾಲು ಬರುವ ಹೊತ್ತು, ಬೇಡ ಅಂದೆ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಅಂದ. ಇತ್ತು. ಅದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ.

ಬೇಸಿಗೆಯ ಬೆಳಗು. ಹೊಸ ಹೊತ್ತಿನ ಮೊದಲ ಬ್ಯಾಕಪ್ ಶುರುವಾದೊಡನೆ ತೂಕದ ಯಂತ್ರ ಅಲ್ಲೇ ನಿಂತಿತು. ಹೆಂಗಸರ ಸಾಲು ರಸ್ತೆಗೆ ಹೋಯಿತು. ಒಳಗೆ ತಂಪಿನಲ್ಲಿ ಮಾಲೀಕರು ಭಾಮೈದನ ಬೆನ್ನು ತಟ್ಟುತ್ತಿದ್ದರು. ಯಂತ್ರ ಮತ್ತೆ ನಡೆಯುವ ಹೊತ್ತಿಗೆ ಬಿಸಿಲೇರಿ ಹಾಲು ಕೆಟ್ಟಿತ್ತು. ಒಂದೊಂದೇ ಕ್ಯಾನು ವಾಪಸಾಯಿತು. ಹಾಲು ತಂದಿದ್ದ ಹೆಂಗಸರಲ್ಲೊಬ್ಬಳು, ಜಯಲಕ್ಷ್ಮಮ್ಮ, ಸೆರಗಿನಿಂದ ಕ್ಯಾನಿನ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮೊಮ್ಮಕ್ಕಳಿಗೂ ಕೊಡದೆ ತಂದ ಹಾಲು ಅದು.

ಮಾಲೀಕರು ನನ್ನನ್ನು ಕೋಣೆಗೆ ಕರೆದು, ಶಶಿಕಿರಣನನ್ನು ಎಬ್ಬಿಸಿ, ಅವನ ಕುರ್ಚಿಯಲ್ಲೇ ನನ್ನನ್ನು ಕೂರಿಸಿದರು.

"ಎಂಗಸ್ರು ನಿನ್ ಮಾತು ಕೇಳ್ತಾರೆ ಕಣಮ್ಮ. ಕ್ಯಾನು ತೊಳೀದೆ ತಂದಿದ್ಕೇ ಆಲು ಕೆಡ್ತು ಅಂತ ಏಳ್ಬುಡು. ನಾಳಿಂದ ನೀನೂ ಕಾಯಂ."

ಕುರ್ಚಿ ಮೆತ್ತಗಿತ್ತು. ಬೆವರಿದ ಕತ್ತಿಗೆ ತಣ್ಣನೆ ಗಾಳಿ ತಾಗಿತು. ಸುಳ್ಳು ಯಾಕೆ, ಏಳಲು ಮನಸ್ಸೇ ಬರಲಿಲ್ಲ. ಇದು ನನಗೆ ಸಿಗಲಿಲ್ಲವೆಂದು ಎಷ್ಟು ಕುದ್ದಿದ್ದೆ. ಆದರೆ ಆ ಕ್ಯಾನುಗಳನ್ನು ಬೂದಿ ಹಾಕಿ ತಿಕ್ಕುವ ಕೈಗಳು ನನಗೆ ಗೊತ್ತು. ನನ್ನ ಅವ್ವನದೂ ಅಂಥದೇ ಕೈ.

ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದೆ:

"ನಿಮ್ ಕ್ಯಾನಿನ ತಪ್ಪಲ್ಲ ಕಣ್ರವ್ವಾ. ಬ್ಯಾಕಪ್ ತಗಳಕ್ಕೆ ಇವ್ರೇ ಮಿಷನ್ ನಿಲ್ಸಿದ್ರು. ನಿಲ್ಲಿಸ್ದೇನೂ ತಗಬೋದಿತ್ತು."

ಜಯಲಕ್ಷ್ಮಮ್ಮ ಬಾಗಿಲಲ್ಲಿದ್ದ ಮಾಲೀಕರ ಕಡೆ ತಿರುಗಿದಳು.

"ಅಂಗಾರೆ ನಾಳಿಂದ ಆಲು ನಾವೇ ನಿಲ್ಲುಸ್ತೀವಿ ಸಾ."

ಅಂದೇ ನನ್ನನ್ನು ಕೆಲಸದಿಂದ ತೆಗೆದರು. ಆ ಕುರ್ಚಿಯ ಮೇಲಿನ ಆಸೆ ಹೋಗಿದೆ ಎಂದರೆ ಸುಳ್ಳಾಗುತ್ತದೆ.

ಮರುದಿನ ಬೆಳಿಗ್ಗೆ ಹೆಂಗಸರು ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿ ಬರಿಗೈಲಿ ಬಂದರು. ಡೈರಿಯ ಎದುರು ಅವರ ಜೊತೆ ನಾನೂ ಕೂತೆ. ಮಾಲೀಕರು ಪೂಜೆ ಮುಗಿಸಿ ಬಂದರು. ಬ್ಯಾಕಪ್ ಸರಿಯಾದ ಹೊತ್ತಿಗೇ ಶುರುವಾಯಿತಂತೆ. ಉಳಿಸಿಡಲು ಹೊಸದಾಗಿ ಒಂದು ಲೋಟ ಹಾಲಿನ ಲೆಕ್ಕವೂ ಇರಲಿಲ್ಲ.