ಕೆಟ್ಟಿನ್ ಎಂಬ ಹೆಸರು

ರೆಕ್ಕೆ ಈಗ ಅಲುಗಿತಾ, ಇಲ್ಲ, ಫ್ಯಾನಿನ ಗಾಳಿ, ಐಸ್ ಮೇಲೆ ಅರ್ಧ ಗಂಟೆ ಇಟ್ಟ ಬೋರರ್ ಹುಳ ಹೇಗೆ ಅಲುಗುತ್ತದೆ, ಕಾಫಿ ಗಿಡದ ಕಾಂಡ ಕೊರೆದು ಹೊರಬಂದ ಕಳ್ಳ ಇದು, ಇದರ ಎದೆ ಸೀಳಿ ಹಾರುವ ಸ್ನಾಯು ತೆಗೆಯಬೇಕು, ಯಮುನಾ, ಎಳೆ ಕಡಿಯದ ಹಾಗೆ ತೆಗಿ ಮಾರಾಯ್ತಿ, ನಮ್ಮ ಕೆಟ್ಟಿನ್ ಇರೋದೇ ಅದ್ರಲ್ಲಿ, ಶಾಂಭವಿ ಮೇಡಂ ದಿನಾ ಹೇಳುವುದು ಇದನ್ನೇ — ಕೆಟ್ಟಿನ್, ಈ ಲ್ಯಾಬಿಗೆ ಸೇರಿದ ದಿನ ಕೇಳಿ ನಕ್ಕಿದ್ದೆ, ಪ್ರೋಟೀನಿಗೆ ಎಂಥಾ ಹೆಸರು, ಪಾಪ ಅದು ಕೆಟ್ಟದ್ದೇನೂ ಮಾಡುವುದಿಲ್ಲ, ಸ್ನಾಯುವಿನ ಎಳೆಗಳನ್ನು ಹಿಡಿದು ನಿಲ್ಲಿಸುತ್ತದೆ, ಅದು ಅರ್ಧ ಕಡಿಮೆಯಾದ ನೊಣ ಬದುಕುತ್ತದೆ, ನಡೆಯುತ್ತದೆ, ಹಾರುವುದಿಲ್ಲ ಅಷ್ಟೇ. ಮನುಷ್ಯರಲ್ಲಿ ಇದರ ದಾಯಾದಿಯ ಹೆಸರು ಟೈಟಿನ್, ಐದು ವರ್ಷದಿಂದ ನನಗೆ ಗೊತ್ತು, ಗೊತ್ತಿದ್ದೂ ಗಾನವಿಯ ಜೀನ್ ರಿಪೋರ್ಟಿನಲ್ಲಿ ಆ ಹೆಸರು ಕಂಡಾಗ ಲ್ಯಾಬಿನ ಕಾಗದ ಮನೆಗೆ ಬಂದುಬಿಟ್ಟಿದೆ ಅಂದುಕೊಂಡೆ, ಹುಚ್ಚಿ.

ಆರು ವರ್ಷದ ಮಗಳು, ನೆಲದಿಂದ ಏಳುವಾಗ ಮೊದಲು ಅಂಗೈ ಮೊಣಕಾಲಿನ ಮೇಲೆ, ಆಮೇಲೆ ತೊಡೆಯ ಮೇಲೆ, ತನ್ನ ಕಾಲನ್ನೇ ಹಿಡಿದು ಹಿಡಿದು ಮೇಲೆ ಬರುತ್ತಾಳೆ, ಗೂಡೆಗೆ ಒಳ್ಳೆಮೆಣಸು ಕುಯ್ಯಕ್ಕೆ ಏಣಿ ಎಂತಕೆ, ಕಾಲು ಉಟ್ಟಲ್ಲ ಎಂದು ಮಾವ ಪೂವಯ್ಯ ನಗುತ್ತಿದ್ದರು, ಹುಡುಗಿಗೆ ಕಾಳುಮೆಣಸು ಕೊಯ್ಯಲು ಕಾಲೇ ಏಣಿಯಂತೆ, ಒಂಟಿ ಬಿದಿರಿನ ಏಣಿ ಹತ್ತಿ ಮೆಣಸು ಕೊಯ್ಯುವವರನ್ನು ದಿನಾ ನೋಡುತ್ತಾಳಲ್ಲ, ಅದೇ ಆಟ ಎಂದು ನಾವೆಲ್ಲ, ನೆಂಟರು ಬಂದರೆ ನಾನೇ ನೆಲದ ಮೇಲೆ ಕೂರಿಸಿ, ಗಾನೂ, ಮೆಣಸು ಕುಯ್ಯಿ ನೋಡುವ, ಅವಳು ಎರಡೆರಡು ಸಲ ಮಾಡಿ ತೋರಿಸುತ್ತಿದ್ದಳು, ಏದುಸಿರು ಬಿಡುತ್ತಾ ನಗುತ್ತಿದ್ದಳು, ನಾನು ಚಪ್ಪಾಳೆ ತಟ್ಟುತ್ತಿದ್ದೆ. ದಿನಾ ಹುಳದ ಸ್ನಾಯು ನೋಡುವ ನಾನು.

ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆಯಮ್ಮಾ, ಕೆಟ್ಟದ್ದಾ ಅಲ್ವಾ ಈಗಲೇ ಹೇಳೋಕಾಗಲ್ಲ ಎಂದರು ಮೈಸೂರಿನ ಡಾಕ್ಟರು, ಅಪ್ಪ ಅಮ್ಮ ಇಬ್ರೂ ಬ್ಲಡ್ ಕೊಡಿ, ನಿಮ್ಮಲ್ಲೂ ಅದೇ ಇದ್ದು ನೀವು ಗಟ್ಟಿಯಾಗಿದ್ರೆ ಅಷ್ಟು ಹೆದರಬೇಕಿಲ್ಲ. ಜಯಪ್ರಕಾಶನದು ನಿನ್ನೆ ಬಂತು, ಅವನಲ್ಲಿಲ್ಲ. ನನ್ನದು ಇವತ್ತು ನಾಲ್ಕಕ್ಕೆ. ನನ್ನಲ್ಲಿರಲಿ, ದೇವರೇ, ನನ್ನಲ್ಲಿರಲಿ, ನಾನು ಗಟ್ಟಿ, ಕಾಫಿ ಚೀಲ ಎತ್ತಿದವಳು, ಗಾಳಿಬೀಡಿನ ಏರು ಓಡಿ ಹತ್ತಿದವಳು, ಅದು ಮದುವೆಗೆ ಮುಂಚೆ, ಈಗಲೂ ಗಟ್ಟಿಯೇ, ಅಲ್ಲವಾ, ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಟ್ಟದ್ದು, ಇಲ್ಲ, ಇಲ್ಲದಿದ್ದರೂ — ತಲೆ ಕೆಟ್ಟುಹೋಗಿದೆ, ಚಿಮುಟ ಎಲ್ಲಿ ಬಿತ್ತು, ಮೇಜಿನ ಕೆಳಗೆ, ಕುಕ್ಕುರುಗಾಲಲ್ಲಿ ಕೂತು ತಡಕಿದೆ, ಸಿಕ್ಕಿತು, ಮೇಲೆ ಫೋನ್ ಬಡಿದುಕೊಳ್ಳುತ್ತಿದೆ, ಮೈಸೂರಿನದೇ ಇರಬೇಕು, ಏಳು, ಏಳು ಯಮುನಾ, ಎದ್ದೆ, ಅರ್ಧ ಎದ್ದೆ — ಇದು ಯಾವಾಗಿನಿಂದ, ಇವತ್ತೇ ಮೊದಲಾ, ಮೊನ್ನೆ ಒಲೆಯ ಮುಂದೆ ಹೇಗೆ ಎದ್ದೆ, ನೆನಪಿಲ್ಲ, ಯಾರು ಗಮನಿಸುತ್ತಾರೆ ಇದನ್ನೆಲ್ಲ, ಫೋನ್ ಇನ್ನೂ ಹೊಡೆಯುತ್ತಿದೆ, ಅಂಗೈ ಮೊಣಕಾಲಿನ ಮೇಲೆ, ನನ್ನ ಅಂಗೈ, ನನ್ನ ಮೊಣಕಾಲಿನ ಮೇಲೆ